ನುಡಿಯೂ ಅನುರಣನವೂ

ಶಬ್ದವು ಹುಟ್ಟಿದ ಕ್ಷಣದಲ್ಲಿಯೇ ಅಳಿದುಹೋಗುವ ವಸ್ತುವಲ್ಲ. ಘಂಟೆಯನ್ನು ಬಾರಿಸಿದವನ ಕೈ ಕೆಳಗಿಳಿದ ಮೇಲೂ ಅದರ ನಾದವು ಕೆಲಹೊತ್ತು ನಿಂತು, ಬಳಿಕ ಮೆಲ್ಲಮೆಲ್ಲನೆ ಕರಗುತ್ತದೆ. ಹೀಗೆ ಉಳಿದುಬರುವ ನಾದಕ್ಕೆ ನಮ್ಮ ಶಾಸ್ತ್ರಕಾರರು ಅನುರಣನವೆಂದು ಹೆಸರಿಟ್ಟರು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸ್ವರದ ಲಕ್ಷಣವನ್ನು ನಿರೂಪಿಸುವಾಗ ಈ ಅನುರಣನಕ್ಕೆ ಮುಖ್ಯಸ್ಥಾನವನ್ನು ಕೊಟ್ಟಿರುವನು. ಅವನಿಗಿಂತಲೂ ಬಹು ಹಿಂದೆ, 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಇದೇ ಹೋಲಿಕೆಯನ್ನು ಕಾವ್ಯಮೀಮಾಂಸೆಗೆ ತಂದನು. ವಾಚ್ಯಾರ್ಥವು ಮನಸ್ಸಿಗೆ ತಟ್ಟಿದ ಬಳಿಕ ಅದರ ಹಿಂದೆಯೇ ಹೊಳೆಯುವ ವ್ಯಂಗ್ಯಾರ್ಥವು ಘಂಟಾನಾದದ ಅನುರಣನದಂತೆ ಎಂಬುದು ಆ ಪರಂಪರೆಯ ವಿವರಣೆ. ಇದರಲ್ಲಿ ಗಮನಿಸತಕ್ಕ ಮಾತೊಂದಿದೆ. ಮೊದಲು ಪೆಟ್ಟು, ಆಮೇಲೆ ಅನುರಣನ. ಮೊದಲು ವಾಚ್ಯ, ಆಮೇಲೆ ವ್ಯಂಗ್ಯ. ಈ ಕ್ರಮವು ತಪ್ಪಿದರೆ ಘಂಟೆಯೂ ಕೆಟ್ಟಿತು, ಕಾವ್ಯವೂ ಕೆಟ್ಟಿತು.

ಇಂದಿನ ಧ್ವನಿಮುದ್ರಣ ಕಲೆಯಲ್ಲಿ ‘ರಿವರ್ಬ್’ ಎಂದು ಕರೆಯಲ್ಪಡುವ ಸಂಸ್ಕಾರವು ಈ ಅನುರಣನವೇ ಆಗಿದೆ. ಹಾಡುಗಾರನ ದನಿಯನ್ನು ಮುದ್ರಿಸಿಕೊಂಡ ಮೇಲೆ, ಅದು ಒಂದು ಕೊಠಡಿಯಲ್ಲಿಯೋ ಸಭಾಭವನದಲ್ಲಿಯೋ ಗುಡಿಯಲ್ಲಿಯೋ ಮೊಳಗಿದಂತೆ ಕೇಳಿಸುವ ಹಾಗೆ ಮಾಡುವ ಉಪಾಯವಿದು. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಪಾಠ ಹೇಳಿಕೊಂಡಿರುವ ಕನ್ನಡ ಪಂಡಿತನಿಗೆ ಈ ವಿಷಯದ ಗೊಡವೆಯೇಕೆಂದು ಓದುಗರಿಗೆ ಅನಿಸಬಹುದು. ನಮ್ಮ ಶಾಲೆಯ ಮಕ್ಕಳು ಹಾಡಿದ ವಚನಗಳ ಧ್ವನಿಮುದ್ರಣಕ್ಕೆ ಪಾಠಶುದ್ಧಿಯನ್ನು ನೋಡಿಕೊಳ್ಳುವ ಹೊಣೆಯನ್ನು ಶ್ರೀಮಠದ ಪೂಜ್ಯರು ನನಗೆ ವಹಿಸಿದ್ದರು. ಆ ಹೊಣೆಯ ದೆಸೆಯಿಂದ ನಾನು ಕಲಿತುಕೊಂಡ ಸಂಗತಿಗಳನ್ನು ಈ ಸಂಚಿಕೆಯ ಮೂಲಕ ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಶಬ್ದದ ಸಂಚಾರವನ್ನು ನೋಡೋಣ. ಕೇಶಿರಾಜನು ‘ಶಬ್ದಮಣಿದರ್ಪಣ’ದ ಆರಂಭದಲ್ಲಿಯೇ ಶಬ್ದೋತ್ಪತ್ತಿಯನ್ನು ಹೇಳುತ್ತ, ನಾಭಿಮೂಲದಿಂದ ಏಳುವ ವಾಯುವನ್ನೂ ಕಹಳೆಯ ರೀತಿಯನ್ನೂ ಸ್ಮರಿಸುತ್ತಾನೆ. ಹುಟ್ಟಿದ ಶಬ್ದವು ಕಿವಿಯನ್ನು ಮುಟ್ಟುವ ಬಗೆಯನ್ನು ನೈಯಾಯಿಕರು ಎರಡು ದೃಷ್ಟಾಂತಗಳಿಂದ ವಿವರಿಸಿದರು. ಕೆರೆಯಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಶಬ್ದವು ಮುಂದುವರಿಯುತ್ತದೆಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಅರಳುವಂತೆ ಶಬ್ದವು ಎಲ್ಲ ದಿಕ್ಕುಗಳಿಗೂ ಹರಡುತ್ತದೆಂಬುದು ಕದಂಬಮುಕುಲನ್ಯಾಯ. ಆಧುನಿಕ ಭೌತಶಾಸ್ತ್ರವು ಇದಕ್ಕೆ ಲೆಕ್ಕವನ್ನು ಕೂಡಿಸಿದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಹೀಗೆ ಸುತ್ತಲೂ ಹರಡಿದ ಶಬ್ದವು ಗೋಡೆ, ಮಾಳಿಗೆ, ನೆಲಗಳಿಗೆ ತಾಗಿ ಹಿಂದಿರುಗುತ್ತದೆ. ಆದುದರಿಂದ ಯಾವುದೇ ಕೊಠಡಿಯಲ್ಲಿ ನಾವು ಕೇಳುವ ಮಾತು ಒಂದಲ್ಲ. ನೇರವಾಗಿ ಬಂದ ಮಾತೊಂದು, ಗೋಡೆಗೆ ತಾಗಿ ತುಸು ತಡವಾಗಿ ಬಂದ ನೂರಾರು ನೆರಳುಮಾತುಗಳು ಅದರ ಜೊತೆಗೆ.

ಇಲ್ಲಿ ಪ್ರತಿಧ್ವನಿಗೂ ಅನುರಣನಕ್ಕೂ ಇರುವ ಭೇದವನ್ನು ತಿಳಿಯಬೇಕು. ವಿಜಯಪುರದ ಗೋಲಗುಮ್ಮಟವನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. 1656ರಲ್ಲಿ ಕಾಲವಾದ ಮುಹಮ್ಮದ್ ಆದಿಲ್ ಶಹನ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಲ್ಲಿಯ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಶಬ್ದವು ಎದುರಿನ ಗೋಡೆಯನ್ನು ಮುಟ್ಟಿ ಮರಳಲು 76 ಮೀಟರ್ ಕ್ರಮಿಸಬೇಕು; ಅದಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಇಷ್ಟು ತಡವಾದುದರಿಂದ ಕಿವಿಯು ಅದನ್ನು ಬೇರೆ ಚಪ್ಪಾಳೆಯೆಂದೇ ಎಣಿಸುತ್ತದೆ. ಇದು ಪ್ರತಿಧ್ವನಿ. ಮನೆಯ ಪಡಸಾಲೆಯಲ್ಲಾದರೋ ಮರಳಿದ ಶಬ್ದವು ಬಹುಬೇಗ ಬರುವುದರಿಂದ ಕಿವಿಯು ಅದನ್ನು ಮೂಲಶಬ್ದದಲ್ಲಿಯೇ ಬೆರೆಸಿಕೊಳ್ಳುತ್ತದೆ. ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30ರೊಳಗೆ ಮರಳಿದ ಶಬ್ದವನ್ನು ಕಿವಿಯು ಬೇರೆಯೆಂದು ಗುರುತಿಸುವುದಿಲ್ಲವೆಂದು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟರು. ಹೀಗೆ ಎಣಿಕೆಗೆ ಸಿಗದೆ ಒಂದರ ಮೇಲೊಂದು ದಟ್ಟವಾಗಿ ಬಂದು, ಒಂದೇ ನಾದದಂತೆ ತೋರಿ, ಕ್ರಮವಾಗಿ ಕುಗ್ಗುವ ಶಬ್ದಸಮೂಹವೇ ಅನುರಣನ.

ಇದಕ್ಕೊಂದು ಅಳತೆಯನ್ನು ಕಂಡುಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಕ್ಲೆಮೆಂಟ್ ಸೇಬಿನ್. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರವು ಕಟ್ಟಿದ ಮೇಲೆ ಉಪನ್ಯಾಸಕ್ಕೆ ಅನುಪಯುಕ್ತವೆಂದು ತಿಳಿದುಬಂತು. ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳವರೆಗೆ ಅಲ್ಲಿ ಸುಳಿದಾಡುತ್ತಿತ್ತು. ಅಷ್ಟರೊಳಗೆ ಉಪನ್ಯಾಸಕರು ಇನ್ನೂ ಎಂಟು ಹತ್ತು ಪದಗಳನ್ನು ಆಡಿರುತ್ತಾರೆ. ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. 1895ರಲ್ಲಿ ಈ ದೋಷದ ಪರಿಹಾರವನ್ನು ತರುಣ ಸೇಬಿನ್‌ರಿಗೆ ಒಪ್ಪಿಸಲಾಯಿತು. ಅವರು ಇರುಳಿನ ನಿಶ್ಶಬ್ದದಲ್ಲಿ ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ನಾದ ಅಡಗುವ ಕಾಲವನ್ನು ಗಡಿಯಾರದಿಂದ ಅಳೆದರು. ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಹಾಸಿ ಮತ್ತೆ ಅಳೆದರು. ಮೆತ್ತೆಗಳು ಹೆಚ್ಚಿದಂತೆ ಅನುರಣನದ ಕಾಲ ಕಡಿಮೆಯಾಯಿತು. ಶಬ್ದದ ಶಕ್ತಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ, ಎಂದರೆ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಕಾಲವೇ ಅನುರಣನಕಾಲವೆಂದು ಇಂದು ಸರ್ವಸಮ್ಮತವಾಗಿದೆ. ಕೊಠಡಿಯ ಘನಅಳತೆಯನ್ನು ಘನಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ, ಅಲ್ಲಿಯ ವಸ್ತುಗಳು ಶಬ್ದವನ್ನು ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಿದರೆ ಆ ಕಾಲ ದೊರೆಯುತ್ತದೆ. ಸೇಬಿನ್‌ರ ಸಲಹೆಯಂತೆ ಕಟ್ಟಿದ ಬಾಸ್ಟನ್ ನಗರದ ಸಿಂಫನಿ ಭವನವು 1900ರಲ್ಲಿ ಆರಂಭವಾಯಿತು. ಇಂದಿಗೂ ಅದು ಜಗತ್ತಿನ ಅತ್ಯುತ್ತಮ ಸಂಗೀತಭವನಗಳಲ್ಲಿ ಗಣಿಸಲ್ಪಡುತ್ತಿದೆ.

ಈ ಸೂತ್ರವನ್ನು ನಮ್ಮ ಊರುಗಳ ಪ್ರಾರ್ಥನಾಮಂದಿರಗಳಿಗೂ ಅನ್ವಯಿಸಿ ನೋಡಬಹುದು. 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರದ ಮಂದಿರವೊಂದಿದೆಯೆನ್ನೋಣ. ಘನಅಳತೆ 1440. ಕಲ್ಲು, ಗಾರೆ, ಕಿಟಕಿಗಳೆಲ್ಲ ಸೇರಿ ಹೀರುವ ಪ್ರಮಾಣ 60 ಚದರ ಮೀಟರ್ ಎಂದು ಹಿಡಿದರೆ ಅನುರಣನಕಾಲ ಸುಮಾರು 3.9 ಸೆಕೆಂಡು. ಅಲ್ಲಿ 200 ಮಂದಿ ಭಕ್ತರು ಬಂದು ಕುಳಿತರೆಂದೂ ಒಬ್ಬೊಬ್ಬರ ಮೈ, ಬಟ್ಟೆಗಳು 0.45 ಚದರ ಮೀಟರಿನಷ್ಟು ಹೀರುತ್ತವೆಂದೂ ಇಟ್ಟುಕೊಂಡರೆ ಒಟ್ಟು 150 ಆಗಿ, ಕಾಲವು 1.5 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಖಾಲಿ ಮಂದಿರದಲ್ಲಿ ಗೊಂದಲವಾಗಿ ಕೇಳಿದ ಪ್ರವಚನವು ಜನ ತುಂಬಿದಾಗ ತಿಳಿಯಾಗುವುದರ ಮರ್ಮವಿದು. ಕೇಳುವವರು ತಮ್ಮ ಇರವಿನಿಂದಲೇ ಆಡುವವರ ಮಾತನ್ನು ಶುದ್ಧಿಗೊಳಿಸುತ್ತಾರೆ.

ಧ್ವನಿಮುದ್ರಣ ಬಂದ ಮೇಲೆ ಅನುರಣನವನ್ನು ಕೃತಕವಾಗಿ ಕೂಡಿಸುವ ಉಪಾಯಗಳು ಒಂದೊಂದಾಗಿ ಹುಟ್ಟಿದವು. 1947ರಲ್ಲಿ ಚಿಕಾಗೋ ನಗರದ ಬಿಲ್ ಪುಟ್ನಮ್ ಎಂಬ ತಂತ್ರಜ್ಞರು ಹಾರ್ಮೋನಿಕ್ಯಾಟ್ಸ್ ಎಂಬ ವಾದ್ಯತಂಡದ ಮುದ್ರಣದಲ್ಲಿ ಸ್ಟುಡಿಯೋದ ಸ್ನಾನಗೃಹವನ್ನೇ ಅನುರಣನದ ಕೋಣೆಯಾಗಿ ಬಳಸಿಕೊಂಡರು. ಒಂದು ಕಡೆ ಧ್ವನಿವರ್ಧಕವನ್ನಿಟ್ಟು ವಾದ್ಯದ ನಾದವನ್ನು ಅಲ್ಲಿ ಮೊಳಗಿಸಿ, ಇನ್ನೊಂದು ಕಡೆ ಮೈಕಿನಿಂದ ಅದನ್ನು ಹಿಡಿದು ಮೂಲಕ್ಕೆ ಬೆರೆಸುವುದು ಇದರ ಕ್ರಮ. ಬಚ್ಚಲುಮನೆಯಲ್ಲಿ ಹಾಡಿಕೊಳ್ಳುವವರೆಲ್ಲರೂ ತಮ್ಮ ಕಂಠವನ್ನು ಮೆಚ್ಚಿಕೊಳ್ಳುವ ಗುಟ್ಟನ್ನು ಅವರು ಉದ್ಯಮಕ್ಕೆ ತಂದರೆನ್ನಬಹುದು. 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆಯು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳ್ಳನೆಯ ಉಕ್ಕಿನ ತಗಡನ್ನು ಚೌಕಟ್ಟಿನಲ್ಲಿ ತೂಗಹಾಕಿ, ಅದರ ಕಂಪನದಿಂದ ಅನುರಣನವನ್ನು ಪಡೆಯುವ ಯಂತ್ರವನ್ನು ಹೊರತಂದಿತು. ಇದೇ ‘ಪ್ಲೇಟ್ ರಿವರ್ಬ್’. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ಅವರು ಬರಿಯ ಗಣಿತದಿಂದ, ಕಂಪ್ಯೂಟರಿನ ಮೂಲಕ ಅನುರಣನವನ್ನು ಸೃಷ್ಟಿಸುವ ಮಾರ್ಗವನ್ನು ತೋರಿದರು. 1976ರಲ್ಲಿ ಆ ಬಗೆಯ ಯಂತ್ರವು ಮಾರುಕಟ್ಟೆಗೆ ಬಂತು. 1999ರ ಹೊತ್ತಿಗೆ ನಿಜವಾದ ಭವನವೊಂದರ ಅನುರಣನವನ್ನೇ ಮುದ್ರಿಸಿಕೊಂಡು, ಬೇರೆಲ್ಲಿಯೋ ಹಾಡಿದ ದನಿಗೆ ತೊಡಿಸುವ ಯಂತ್ರಗಳೂ ಬಂದವು. ಇಂದು ಇವೆಲ್ಲವೂ ಒಂದು ಕಂಪ್ಯೂಟರಿನಲ್ಲಿ ಅಡಗಿವೆ. ಗುಂಡಿಯೊಂದನ್ನು ತಿರುಗಿಸಿದರೆ ಮಗುವಿನ ದನಿಯನ್ನು ಮಹಾಮಂದಿರದಲ್ಲಿ ನಿಲ್ಲಿಸಬಹುದು. ಸುಲಭವಾದದ್ದು ಅತಿಯಾಗುವುದು ಲೋಕಸಹಜವೇ ಆಗಿದೆ.

ನಮ್ಮ ಮಕ್ಕಳ ಮುದ್ರಣದಲ್ಲಿ ಆದದ್ದೂ ಅದೇ. 2023ರ ಆರಂಭದಲ್ಲಿ ಹನ್ನೆರಡು ವಚನಗಳನ್ನು ಆರಿಸಿ, ಮೂರು ತಿಂಗಳು ಅಭ್ಯಾಸ ಮಾಡಿಸಿ, ನಗರದ ಸ್ಟುಡಿಯೋವೊಂದರಲ್ಲಿ ಹಾಡಿಸಲಾಯಿತು. ಮಿಶ್ರಣ ಮುಗಿದು ಬಂದದ್ದನ್ನು ಮೊದಲ ಸಲ ಕೇಳಿದಾಗ ಎಲ್ಲರೂ ಬೆರಗಾದರು. ನಮ್ಮ ಮಕ್ಕಳ ದನಿಗೆ ಅಷ್ಟು ಗಾಂಭೀರ್ಯ ಬಂದಿತ್ತು. ನನಗೆ ಶಬ್ದಮಣಿದರ್ಪಣವನ್ನು ಪಾಠ ಹೇಳಿದ ಗುರುಗಳಿಗೆ ಆಗ ಎಂಬತ್ತೈದು ದಾಟಿತ್ತು. ಕಿವಿ ತುಸು ಮಂದ. ಅವರ ಮನೆಗೆ ಹೋಗಿ ಕೇಳಿಸಿದೆನು. ಅವರು ಕಣ್ಣು ಮುಚ್ಚಿಕೊಂಡು ಮೂರು ವಚನಗಳನ್ನು ಕೇಳಿ, “ದನಿ ಭಾಳ ಛಂದ ಐತಿ ತಮ್ಮಾ. ಆದರ ಕೂಸು ಏನ ಹೇಳಾಕತ್ತೈತಿ?” ಎಂದರು. ಆ ವಚನಗಳೆಲ್ಲವೂ ಅವರಿಗೆ ಬಾಲ್ಯದಿಂದ ಕಂಠಸ್ಥವಾಗಿದ್ದವು. ತಾವು ನಿತ್ಯ ಪಠಿಸುವ ವಚನವನ್ನೇ ಅವರು ಗುರುತಿಸಲಾರದೆ ಹೋದರು. ಮುಪ್ಪಿನಲ್ಲಿ ಕಿವಿಯ ಶಕ್ತಿ ಕುಂದಿದವರಿಗೆ ಅನುರಣನದ ನಡುವಿನಿಂದ ಮಾತನ್ನು ಬಿಡಿಸಿಕೊಳ್ಳುವುದು ಉಳಿದವರಿಗಿಂತ ಹೆಚ್ಚು ಕಷ್ಟವೆಂಬುದು ನಿಜ. ಆದರೂ ಅವರ ಪ್ರಶ್ನೆಯನ್ನು ಕಿವಿಯ ದೋಷವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಮರುದಿನ ಏಳನೆಯ ತರಗತಿಯಲ್ಲಿ ಉಕ್ತಲೇಖನ ಮಾಡಿಸಿದೆನು. ಮಕ್ಕಳಿಗೆ ಪರಿಚಯವಿಲ್ಲದ ಎರಡು ವಚನಗಳನ್ನು ಆ ಮುದ್ರಣದಿಂದ ಕೇಳಿಸಿ, ಕೇಳಿದಂತೆ ಬರೆಯಹೇಳಿದೆನು. ಉತ್ತರಪತ್ರಿಕೆಗಳನ್ನು ತಿದ್ದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ತಪ್ಪುಗಳು ಅಡ್ಡಾದಿಡ್ಡಿಯಾಗಿರಲಿಲ್ಲ, ಅವಕ್ಕೊಂದು ವ್ಯಾಕರಣವಿತ್ತು. ಸ್ವರಗಳು ಬಹುಮಟ್ಟಿಗೆ ಸರಿಯಾಗಿದ್ದವು. ಒತ್ತಕ್ಷರಗಳು ಬಿದ್ದುಹೋಗಿದ್ದವು, ಪದದ ಮೊದಲ ವ್ಯಂಜನಗಳು ಅದಲುಬದಲಾಗಿದ್ದವು, ಒಂದು ಪದದ ಕೊನೆಯು ಮುಂದಿನ ಪದದ ಮೊದಲಿಗೆ ಅಂಟಿಕೊಂಡಿತ್ತು.

ಇದರ ಕಾರಣವನ್ನು ಕನ್ನಡದ ಉಚ್ಚಾರಣೆಯಲ್ಲಿಯೇ ಹುಡುಕಬೇಕು. ‘ಕತೆ’ ಎಂಬುದಕ್ಕೂ ‘ಕತ್ತೆ’ ಎಂಬುದಕ್ಕೂ ಇರುವ ಭೇದವೇನು? ತಕಾರವನ್ನು ಉಚ್ಚರಿಸುವಾಗ ನಾಲಗೆಯು ಹಲ್ಲಿಗೆ ಒತ್ತಿ ಉಸಿರನ್ನು ತಡೆಯುತ್ತದೆ. ಆ ತಡೆ ಎಂದರೆ ಮೌನ. ‘ಕತೆ’ಯಲ್ಲಿ ಆ ಮೌನ ಕಿರಿದು, ‘ಕತ್ತೆ’ಯಲ್ಲಿ ಹಿರಿದು, ಎರಡರ ಅಂತರ ಸುಮಾರು ಸೆಕೆಂಡಿನ ಹತ್ತರಲ್ಲೊಂದು ಭಾಗ. ಸಜಾತೀಯ ಒತ್ತಕ್ಷರವೆಂದು ನಾವು ಕಾಗದದ ಮೇಲೆ ಬರೆಯುವುದನ್ನು ಕಿವಿಯು ಮೌನದ ಅಳತೆಯಿಂದ ತಿಳಿಯುತ್ತದೆ. ಆ ಮುದ್ರಣದಲ್ಲಿ ಅನುರಣನಕಾಲವನ್ನು ನಾಲ್ಕು ಸೆಕೆಂಡಿಗೆ ಇಟ್ಟಿದ್ದರೆಂದು ಆಮೇಲೆ ತಿಳಿಯಿತು. ನಾಲ್ಕು ಸೆಕೆಂಡಿಗೆ 60 ಡೆಸಿಬೆಲ್ ಇಳಿಯುವ ನಾದವು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಇಳಿಯುವುದು ಒಂದೂವರೆ ಡೆಸಿಬೆಲ್ ಮಾತ್ರ. ಎಂದರೆ ಇಳಿದಂತೆಯೇ ಅಲ್ಲ. ಹಿಂದಿನ ಸ್ವರದ ನೆರಳು ಬಂದು ಮೌನದ ಕುಳಿಯನ್ನು ತುಂಬಿಬಿಡುತ್ತದೆ, ಕತ್ತೆಯು ಕತೆಯಾಗುತ್ತದೆ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಲಘುವು ಗುರುವಾಗುತ್ತದೆಂದು ನಾವು ಪಾಠ ಹೇಳುತ್ತೇವೆ. ಒತ್ತು ಅಳಿಸಿದರೆ ಆ ಗುರುತ್ವವೂ ಅಳಿಯುತ್ತದೆ.

ವಚನಕ್ಕೆ ಈ ಹಾನಿ ಇನ್ನೂ ದೊಡ್ಡದು. ಷಟ್ಪದಿಯನ್ನೋ ಕಂದವನ್ನೋ ಕೇಳುವವನಿಗೆ ಒಂದು ಪದ ತಪ್ಪಿದರೂ ಮಾತ್ರೆಯ ನಡಿಗೆಯು ಕೈಹಿಡಿದು ನಡೆಸುತ್ತದೆ. ವಚನಕ್ಕೆ ಅಂಥ ನಿಯತವಾದ ಛಂದಸ್ಸಿಲ್ಲ. ಅದರ ಲಯವಿರುವುದು ಮಾತಿನ ನಿಲುಗಡೆಯಲ್ಲಿ. ಒಂದು ಮಾತನ್ನು ಇಟ್ಟು, ನಿಂತು, ಅದಕ್ಕೆ ಎದುರಾದ ಇನ್ನೊಂದು ಮಾತನ್ನು ಇಡುವ ಕ್ರಮದಲ್ಲಿ. ಆ ನಿಲುಗಡೆಯನ್ನು ನಾದದಿಂದ ತುಂಬಿದರೆ ವಚನದ ಬೆನ್ನೆಲುಬೇ ಮುರಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದ ಮಹನೀಯರು ವಚನಗಳನ್ನು ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿ ಕೇಂದ್ರವು ಈ ಗಾಯನಪರಂಪರೆಗೆ ದೊಡ್ಡ ಆಸರೆಯಾಯಿತು. ರೇಡಿಯೋ ಸ್ಟುಡಿಯೋಗಳ ಗೋಡೆಗಳಿಗೆ ಶಬ್ದವನ್ನು ಹೀರುವ ಹೊದಿಕೆಯಿರುತ್ತದೆ. ಗಾಯಕರ ಕಂಠದ ಹಿಂದೆ ತಂಬೂರಿಯೇ ಸಾಕಷ್ಟು ನಾದವನ್ನು ತುಂಬುತ್ತದೆ. ಜೀವಾಳವಿಟ್ಟು ಶ್ರುತಿಗೂಡಿಸಿದ ತಂಬೂರಿ ಎಂದರೆ ನಮ್ಮ ಹಿರಿಯರು ಗಾಯಕನ ಬೆನ್ನ ಹಿಂದೆ ಕೂಡಿಸಿದ ಅನುರಣನವೇ ಅಲ್ಲವೆ? ಇದ್ದ ಅನುರಣನದ ಮೇಲೆ ಮತ್ತೊಂದನ್ನು ಹೊರಿಸುವ ಮೊದಲು ಇದನ್ನು ಯೋಚಿಸಬೇಕು.

ನಮ್ಮ ಶಾಲೆಯಲ್ಲಿಯೇ ಓದಿ, ಈಗ ಬೆಂಗಳೂರಿನಲ್ಲಿ ಧ್ವನಿತಂತ್ರಜ್ಞನಾಗಿರುವ ತರುಣನೊಬ್ಬನು ಈ ಸಮಾಚಾರ ತಿಳಿದು ತಾನಾಗಿಯೇ ಮುಂದೆ ಬಂದನು. ಸ್ಟುಡಿಯೋದಿಂದ ಮಕ್ಕಳ ಒಣದನಿಯ ಮೂಲಮುದ್ರಣಗಳನ್ನು ತರಿಸಿಕೊಂಡು, ಎರಡು ರಾತ್ರಿ ಕುಳಿತು ಹೊಸದಾಗಿ ಮಿಶ್ರಣ ಮಾಡಿದನು. ನಾನು ಪಕ್ಕದಲ್ಲಿಯೇ ಇದ್ದೆನು. “ಗುರುಗಳೇ, ದನಿಯನ್ನು ಹತ್ತಿರದಿಂದ ಒಣದಾಗಿಯೇ ಮುದ್ರಿಸಿಕೊಂಡಿರುವುದು ನಮ್ಮ ಪುಣ್ಯ. ಅನುರಣನವನ್ನು ಎಷ್ಟು ಬೇಕಾದರೂ ಕೂಡಿಸಬಹುದು, ದನಿಯಲ್ಲಿಯೇ ಸೇರಿಹೋಗಿದ್ದರೆ ಪೂರ್ತಿ ಬಿಡಿಸುವುದು ಕಷ್ಟ” ಎಂದು ಆತನು ಮೊದಲಿಗೇ ಹೇಳಿದನು. ಆತನು ಮಾಡಿದ್ದನ್ನು ನನಗೆ ತಿಳಿದಂತೆ ಇಲ್ಲಿ ವಿವರಿಸುತ್ತೇನೆ.

ಹಿಂದಿನ ಮಿಶ್ರಣದಲ್ಲಿ ಕಂಠಕ್ಕೊಂದು, ಹಾರ್ಮೋನಿಯಮ್ಮಿಗೊಂದು, ತಬಲಕ್ಕೊಂದು ಬೇರೆಬೇರೆ ಅನುರಣನಗಳಿದ್ದವು. ಹಾಡುವವಳು ಒಂದು ಮಂದಿರದಲ್ಲಿ, ತಬಲದವನು ಇನ್ನೊಂದರಲ್ಲಿ ಕುಳಿತಂತೆ ಅದು ಕೇಳುತ್ತಿತ್ತು. ಆತನು ಅವೆಲ್ಲವನ್ನೂ ತೆಗೆದು ಒಂದೇ ಕೊಠಡಿಯನ್ನು ಕಲ್ಪಿಸಿ, ಎಲ್ಲ ದನಿಗಳಿಂದಲೂ ಬೇಕಾದಷ್ಟು ಪಾಲನ್ನು ಆ ಕೊಠಡಿಗೆ ಕಳಿಸಿದನು. ಹೆಚ್ಚು ಪಾಲು ಹೋದದ್ದು ದೂರ ಕುಳಿತಂತೆಯೂ ಕಡಿಮೆ ಪಾಲು ಹೋದದ್ದು ಹತ್ತಿರವಿದ್ದಂತೆಯೂ ತೋರುತ್ತದೆ. ಕಂಠವನ್ನು ಎಲ್ಲಕ್ಕಿಂತ ಮುಂದೆ ಕೂಡಿಸಿದನು. ಅನುರಣನಕಾಲವನ್ನು ನಾಲ್ಕು ಸೆಕೆಂಡಿನಿಂದ 1.2 ಸೆಕೆಂಡಿಗೆ ಇಳಿಸಿದನು. ಅಲ್ಲಿಗೆ ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಾದವು ಐದು ಡೆಸಿಬೆಲ್ ಇಳಿಯುತ್ತದೆ; ಅದರ ಪ್ರಮಾಣವನ್ನೂ ತಗ್ಗಿಸಿದ್ದರಿಂದ ಒತ್ತಕ್ಷರದ ಮೌನವು ಉಳಿಯಿತು.

ನನಗೆ ಬಹಳ ಹಿಡಿಸಿದ ಉಪಾಯವೆಂದರೆ ‘ಪ್ರೀ ಡಿಲೇ’ ಎಂಬುದು. ದನಿ ಹೊರಟ ಕೂಡಲೇ ಅನುರಣನ ಆರಂಭವಾಗದಂತೆ ಸೆಕೆಂಡಿನ ಸಾವಿರದಲ್ಲಿ 35 ಭಾಗದಷ್ಟು ಕಾಲ ಅದನ್ನು ತಡೆದು ನಿಲ್ಲಿಸುವುದು. ಆ ಅಲ್ಪಾವಕಾಶದಲ್ಲಿ ವ್ಯಂಜನದ ಸ್ಫೋಟವು ಶುದ್ಧವಾಗಿ ಕಿವಿಯನ್ನು ಮುಟ್ಟುತ್ತದೆ. ಅನುರಣನವು ಅದರ ಹಿಂದೆ ಬರುತ್ತದೆ. ಮೊದಲು ವಾಚ್ಯ, ಆಮೇಲೆ ವ್ಯಂಗ್ಯ ಎಂದು ಆಲಂಕಾರಿಕರು ಹೇಳಿದ ಕ್ರಮವನ್ನು ಯಂತ್ರದ ಮೇಲೆ ಅಂಕಿಗಳಲ್ಲಿ ಕಂಡು ನಾನು ಸಂತೋಷಗೊಂಡೆನು.

ಮುಂದಿನದು ಶೋಧನೆ. ಅನುರಣನದಲ್ಲಿ ಮಂದ್ರಭಾಗವು ಉಳಿದರೆ ತಬಲದ ಎಡಗೈಯ ಗುಂಕಾರವು ಕೆಸರಿನಂತೆ ಹರಡಿ ಮಾತನ್ನು ಮುಚ್ಚುತ್ತದೆ. ತೀರ ತಾರಭಾಗವು ಉಳಿದರೆ ಶ, ಷ, ಸ, ಚಗಳ ಸುಯ್ಯಿಸುವ ಸದ್ದು ನೀಳವಾಗಿ ಎಳೆಯುತ್ತದೆ. ಆದುದರಿಂದ ಆತನು ಅನುರಣನದಲ್ಲಿ ಮಾತ್ರ, ಮೂಲದನಿಯನ್ನು ಮುಟ್ಟದೆ, ಸೆಕೆಂಡಿಗೆ 300 ಕಂಪನಗಳ ಕೆಳಗಿನದನ್ನೂ 6000 ಕಂಪನಗಳ ಮೇಲಿನದನ್ನೂ ಸೋಸಿ ತೆಗೆದನು. ಪ್ರಮಾಣವನ್ನು ಗೊತ್ತುಮಾಡುವ ರೀತಿಯೂ ಸರಳವಾಗಿತ್ತು. ಅನುರಣನವು ಕಿವಿಗೆ ಬೀಳುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿ ನಿಲ್ಲಿಸುವುದು. ಬಳಿಕ ಅದನ್ನು ಒಮ್ಮೆಗೇ ಮುಚ್ಚಿ ನೋಡುವುದು. ಮುಚ್ಚಿದಾಗ ಏನೋ ಕಳೆದುಹೋದಂತೆ ಅನಿಸಬೇಕು. ಇದ್ದಾಗ ಇದೆಯೆಂದು ತಿಳಿಯಬಾರದು. ಅಡಿಗೆಯಲ್ಲಿ ಉಪ್ಪಿನ ನ್ಯಾಯವೂ ಇದೇ. ಕೊನೆಗೆ ದೊಡ್ಡ ಧ್ವನಿವರ್ಧಕಗಳನ್ನು ಬಿಟ್ಟು, ಮೆಲ್ಲನೆಯ ದನಿಯಲ್ಲಿ, ಮೊಬೈಲ್ ಫೋನಿನಲ್ಲಿ ಕೇಳಿ ಪರೀಕ್ಷಿಸಿದೆವು. ಇಂದು ಬಹುಜನರು ಕೇಳುವುದು ಅದರಲ್ಲಿಯೇ ಆಗಿದೆ.

ಹೊಸ ಮಿಶ್ರಣವನ್ನು ಸಮಿತಿಯ ಮುಂದೆ ಕೇಳಿಸಿದಾಗ ಎಲ್ಲರೂ ಒಪ್ಪಲಿಲ್ಲ. ಹಿರಿಯ ಸದಸ್ಯರೊಬ್ಬರು, “ಮೊದಲಿನದರಲ್ಲಿ ಗುಡಿಯೊಳಗೆ ಕೂತು ಕೇಳಿದ ಹಾಗಿತ್ತು, ಆ ಕಳೆ ಹೋಯಿತು” ಎಂದರು. ಇನ್ನೊಬ್ಬರು, ಒಬ್ಬ ಹುಡುಗಿಯ ದನಿಯು ತಾರಸ್ಥಾಯಿಯಲ್ಲಿ ನಡುಗುವುದು ಈಗ ಬಯಲಾಗಿದೆಯೆಂದೂ ಮೊದಲು ಅದು ಮುಚ್ಚಿಕೊಂಡಿತ್ತೆಂದೂ ಹೇಳಿದರು. ಎರಡೂ ಮಾತುಗಳು ಸುಳ್ಳಲ್ಲ. ಅನುರಣನಕ್ಕೆ ಭವ್ಯತೆಯನ್ನು ಕೊಡುವ ಶಕ್ತಿಯೂ ಇದೆ, ಕೊರತೆಯನ್ನು ಮುಚ್ಚುವ ಶಕ್ತಿಯೂ ಇದೆ. ದೀರ್ಘಸ್ವರಗಳ ಆಲಾಪಕ್ಕೆ, ಕೊಳಲಿನ ನಿಧಾನಗತಿಯ ನುಡಿಸಾಣಿಕೆಗೆ ವಿಶಾಲವಾದ ಮಂದಿರವು ಒಪ್ಪುತ್ತದೆ. ಅಲ್ಲಿ ಕೇಳಬೇಕಾದದ್ದು ನಾದವೇ ಆಗಿರುತ್ತದೆ. ವಚನದಲ್ಲಿ ಕೇಳಬೇಕಾದದ್ದು ನುಡಿ. ಮೇಲಾಗಿ, ಕಲ್ಲಿನ ಆಲಯವನ್ನು ಬಿಟ್ಟು ತಮ್ಮ ಕಾಯವನ್ನೇ ಆಲಯವಾಗಿಸಿಕೊಂಡ ಶರಣರ ಮಾತಿಗೆ ನಾವು ಯಂತ್ರದಿಂದ ಕಲ್ಲಿನ ಗುಡಿಯೊಂದನ್ನು ಕಟ್ಟಿಕೊಡುವುದು ಯಾವ ನ್ಯಾಯ? ಅನುಭವಗೋಷ್ಠಿಯೆಂದರೆ ಎದುರುಬದುರಾಗಿ ಕುಳಿತು, ಮುಖ ನೋಡಿ ಆಡುವ ಮಾತು. ಜನ ಕುಳಿತು ಕೇಳುವ ಮಧ್ಯಮ ಅಳತೆಯ ಕೊಠಡಿಯೇ ವಚನಕ್ಕೆ ಸಹಜವಾದ ನೆಲೆ. ಹೀಗೆಂದು ನಾನು ವಿನಯಪೂರ್ವಕವಾಗಿ ನಿವೇದಿಸಿಕೊಂಡೆನು. ಉಕ್ತಲೇಖನದ ಪತ್ರಿಕೆಗಳನ್ನೂ ಮುಂದಿಟ್ಟೆನು. ಪೂಜ್ಯರು ಹೊಸ ಮಿಶ್ರಣದಿಂದ ಮತ್ತೊಮ್ಮೆ ಉಕ್ತಲೇಖನ ಮಾಡಿಸಲು ಅಪ್ಪಣೆ ಕೊಡಿಸಿದರು. ಬೇರೊಂದು ವಿಭಾಗದ ಮಕ್ಕಳು ಅದೇ ಎರಡು ವಚನಗಳನ್ನು ಬರೆದರು. ಒತ್ತಕ್ಷರಗಳು ಬಹುಮಟ್ಟಿಗೆ ತಮ್ಮ ಸ್ಥಾನಗಳಿಗೆ ಮರಳಿದ್ದವು. ಪೂಜ್ಯರು ಎರಡೂ ಕಟ್ಟುಗಳನ್ನು ಹೋಲಿಸಿ ನೋಡಿ ಎರಡನೆಯ ಮಿಶ್ರಣಕ್ಕೆ ಸಮ್ಮತಿಯನ್ನಿತ್ತರು.

ಹಿರಿಯರ ಮಾತನ್ನು ಪೂರ್ತಿ ಕಡೆಗಣಿಸಲೂ ಇಲ್ಲ. ಪ್ರತಿಯೊಂದು ವಚನದ ಕೊನೆಗೆ ಅಂಕಿತವಿರುತ್ತದೆ. ಕೂಡಲಸಂಗಮದೇವನೆಂದೋ ಚೆನ್ನಮಲ್ಲಿಕಾರ್ಜುನನೆಂದೋ ಕರೆದಾಗ ವಾದವು ಮುಗಿದು ಮಾತು ನಿವೇದನೆಯಾಗುತ್ತದೆ. ಅದರ ಮುಂದೆ ಇನ್ನೊಂದು ಪದವಿಲ್ಲ. ಆದುದರಿಂದ ಕಲಸಿಹೋಗುವ ಭಯವೂ ಇಲ್ಲ. ಅಂಕಿತದಲ್ಲಿ ಮಾತ್ರ ಅನುರಣನವನ್ನು ಕ್ರಮವಾಗಿ ಹಿಗ್ಗಿಸಿ, ನಾದವು ತಾನಾಗಿ ಅಡಗುವವರೆಗೆ ಬಿಡಬಹುದೆಂದು ನಾನು ಸೂಚಿಸಿದೆನು. ನಮ್ಮ ತರುಣನು ಅಂತೆಯೇ ಮಾಡಿದನು. ವಚನದುದ್ದಕ್ಕೂ ಹತ್ತಿರವಿದ್ದ ದನಿಯು ಅಂಕಿತದಲ್ಲಿ ಮೆಲ್ಲನೆ ಬಯಲಿಗೆ ತೆರೆದುಕೊಳ್ಳುತ್ತದೆ. ಗುಡಿಯ ಕಳೆಯನ್ನು ಬಯಸಿದ ಸದಸ್ಯರು ಇದನ್ನು ಕೇಳಿ ತಲೆದೂಗಿದರು.

ಬಸವಜಯಂತಿಯಂದು ಆ ಮುದ್ರಣವು ಪೂಜ್ಯರ ಅಮೃತಹಸ್ತದಿಂದ ಲೋಕಾರ್ಪಣೆಯಾಯಿತು. ಅದಕ್ಕೂ ಮೊದಲು ಗುರುಗಳ ಮನೆಗೆ ಅದನ್ನು ಒಯ್ದಿದ್ದೆನು. ಎರಡನೆಯ ಸಾಲಿಗೇ ಅವರ ತುಟಿಗಳು ದನಿಯೊಡನೆ ಅಲುಗತೊಡಗಿದವು. ನಡುಗುವ ದನಿಯ ಆ ಹುಡುಗಿಯ ವಚನ ಮುಗಿದಾಗ ಅವರು ಕೈಯೆತ್ತಿ ನಿಲ್ಲಿಸಲು ಹೇಳಿದರು. ದೋಷವನ್ನು ಎತ್ತಿ ಆಡುವರೆಂದು ನಾನು ಕಾದೆನು. “ಆ ಒಂದ ಮಾತಿನ್ಯಾಗ ಕೂಸಿನ ದನಿ ನಡುಗಿತಲ್ಲ ತಮ್ಮಾ, ಅಲ್ಲಿ ಆಕಿ ತಿಳಕೊಂಡು ಹಾಡ್ಯಾಳ” ಎಂದರು. ಮರೆಮಾಚಬೇಕೆಂದು ಹಲವರಿಗೆ ತೋರಿದ ಆ ನಡುಕದಲ್ಲಿಯೇ ಆ ಮಗುವಿನ ಅರ್ಥಗ್ರಹಣವಿತ್ತು. ನಾಲ್ಕು ಸೆಕೆಂಡುಗಳ ಮಂದಿರದೊಳಗೆ ಅದು ಯಾರಿಗೂ ಕೇಳಿಸುವಂತಿರಲಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಮೊಬೈಲಿನಲ್ಲಿಯೇ ಹಾಡಿ, ಮುದ್ರಿಸಿ, ಸಂಸ್ಕರಿಸಿ ಬಂಧುಮಿತ್ರರಿಗೆ ಕಳಿಸುತ್ತಾರೆ. ಅವರಿಗೆ ನನ್ನ ವಿಜ್ಞಾಪನೆ ಇಷ್ಟೇ. ಅನುರಣನದ ಗುಂಡಿಯನ್ನು ಮುಟ್ಟುವ ಮೊದಲು ಒಣದನಿಯಲ್ಲಿ ಒಮ್ಮೆ ಪೂರ್ತಿಯಾಗಿ ಕೇಳಿರಿ. ಉಚ್ಚಾರಣೆಯಲ್ಲಿ, ಶ್ರುತಿಯಲ್ಲಿ ಕೊರತೆಯಿದ್ದರೆ ಮತ್ತೊಮ್ಮೆ ಹಾಡಿರಿ. ಹಾಡು ಹೇಳುವ ಮಾತು ಯಾವ ಅಳತೆಯ ಕೊಠಡಿಯನ್ನು ಬೇಡುತ್ತದೆಂದು ಯೋಚಿಸಿ ಅಷ್ಟನ್ನೇ ಕೊಡಿರಿ. ಮುಗಿದ ಮೇಲೆ ಆ ಹಾಡಿನ ಪರಿಚಯವಿಲ್ಲದ ಒಬ್ಬರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಹೇಳಿರಿ. ಆ ಬರೆಹದಲ್ಲಿ ಒತ್ತಕ್ಷರಗಳೆಲ್ಲವೂ ಉಳಿದಿದ್ದರೆ ನಿಮ್ಮ ಮಿಶ್ರಣವು ಉತ್ತೀರ್ಣವಾಯಿತೆಂದು ತಿಳಿಯಿರಿ.